ಎಂಬತ್ತು ಅಡಿಗೆ ಅಪ್ಪಣೆ, ನೂರಿಪ್ಪತ್ನಾಲ್ಕು ಅಡಿಗೆ ಪಾಯ: ಕನ್ನಂಬಾಡಿಯ ಒಂದು ನಿರ್ಧಾರ

1911ರ ಅಕ್ಟೋಬರ್‌ನಲ್ಲಿ ಕಾವೇರಿಯ ಕನ್ನಂಬಾಡಿ ಕಟ್ಟೆಯ (ಇಂದಿನ ಕೃಷ್ಣರಾಜಸಾಗರ) ಕೆಲಸಕ್ಕೆ ಮಹಾರಾಜರ ಅಪ್ಪಣೆ ದೊರೆತಾಗ ಅನುಕೂಲ ಎನ್ನುವಂಥದ್ದು ಯಾವುದೂ ಕೂಡಿಬಂದಿರಲಿಲ್ಲ. ಮೈಸೂರಿಗೆ ಬೇಕಿದ್ದದ್ದು 41.5 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ಹಿಡಿಯುವ ಜಲಾಶಯ; ಒಪ್ಪಿಗೆ ಸಿಕ್ಕಿದ್ದು 11 ಟಿಎಂಸಿಗೆ. ಬೇಕಿದ್ದ ಎತ್ತರ 124 ಅಡಿ. ಒಪ್ಪಿಗೆ ಇದ್ದದ್ದು 80 ಅಡಿಗೆ. ನದಿಯ ಕೆಳಗಿನ ಮದರಾಸು ಪ್ರಾಂತ್ಯ ಪೂರ್ಣ ಯೋಜನೆಗೆ ಅಡ್ಡ ನಿಂತಿತ್ತು. ಮೈಸೂರಿನ ಹಣಕಾಸು ಇಲಾಖೆಗೇ ಯೋಜನೆಯ ಮೇಲೆ ನಂಬಿಕೆ ಇರಲಿಲ್ಲ. ಅಷ್ಟು ದೊಡ್ಡ ಕಟ್ಟಡಕ್ಕೆ ಸಾಲುವಷ್ಟು ಸಿಮೆಂಟು ದೇಶದಲ್ಲಿ ತಯಾರಾಗುತ್ತಿರಲಿಲ್ಲ. ಹಡಗಿನಲ್ಲಿ ತರಿಸಿದರೆ ಬೊಕ್ಕಸ ತಾಳುತ್ತಿರಲಿಲ್ಲ. ಇಷ್ಟೆಲ್ಲ ಇದ್ದೂ ನವೆಂಬರ್‌ನಲ್ಲಿ ಕೆಲಸ ಶುರುವಾಯಿತು. ಶುರುವಾದದ್ದು 124 ಅಡಿಯ ಕಟ್ಟೆಯನ್ನು ಹೊರಬಲ್ಲ ಪಾಯದೊಂದಿಗೆ.

ಇದನ್ನು ಧೈರ್ಯದ ಕಥೆಯಾಗಿ ನಾವು ಶಾಲೆಯಿಂದಲೂ ಕೇಳಿದ್ದೇವೆ. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು, ನಾಲ್ವಡಿ ಕೃಷ್ಣರಾಜ ಒಡೆಯರ ಔದಾರ್ಯ, ಮಂಡ್ಯದ ಹಸಿರು, ಇಷ್ಟನ್ನು ಹೇಳಿದರೆ ಭಾಷಣ ಮುಗಿಯುತ್ತದೆ. ಧೈರ್ಯ ಇತ್ತು, ಸಂಶಯವಿಲ್ಲ. ಆದರೆ ಧೈರ್ಯದಿಂದ ಮುನ್ನುಗ್ಗಿ ಕೆಟ್ಟ ಕೆಲಸಗಳೂ ಲೋಕದಲ್ಲಿ ಬೇಕಾದಷ್ಟಿವೆ. ಸಕಾಲಕ್ಕಾಗಿ ಕಾಯದೆ ಕೆಲಸಕ್ಕೆ ಕೈಹಾಕಿದವರು ಯಾವ ಭಾಗಕ್ಕೆ ಮೊದಲು ಕೈಹಾಕಿದರು, ಯಾವುದನ್ನು ಮುಂದಕ್ಕೆ ಬಿಟ್ಟರು ಎಂಬುದೇ ಈ ಪ್ರಕರಣದಲ್ಲಿ ಕಲಿಯಬೇಕಾದ ಸಂಗತಿ ಎಂದು ನಾನು ತಿಳಿದಿದ್ದೇನೆ.

ಹತ್ತು ವರ್ಷ ಹಿಂದಿನ ಅರೆಬರೆ ಆರಂಭ

ಕನ್ನಂಬಾಡಿಯ ಕಥೆ ಕನ್ನಂಬಾಡಿಯಲ್ಲಿ ಮೊದಲಾಗುವುದಿಲ್ಲ. ಅದು ಮೊದಲಾಗುವುದು ಹೊಳೆಯ ಕೆಳಗೆ, ಶಿವನಸಮುದ್ರದಲ್ಲಿ. 1902ರ ಜೂನ್ 30ರಂದು ಅಲ್ಲಿನ ಜಲವಿದ್ಯುತ್ ಕೇಂದ್ರದಿಂದ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕರೆಂಟು ಹರಿಯಿತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸುವುದು ಆಗ ಪ್ರಪಂಚದಲ್ಲೇ ದೊಡ್ಡ ಸಾಹಸ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಯೋಜನೆಯ ಬೆನ್ನಿಗೆ ನಿಂತರು. ಎಂಜಿನಿಯರ್ ಜೋಲಿ ಡಿ ಲೋಟ್‌ಬಿನಿಯರ್ ಯುರೋಪು, ಅಮೆರಿಕ ಸುತ್ತಿ ಯಂತ್ರಗಳ ವಿಚಾರ ತಿಳಿದು ಬಂದರು. ಭಾರೀ ಯಂತ್ರಭಾಗಗಳನ್ನು ಮದ್ದೂರಿನ ರೈಲು ನಿಲ್ದಾಣದಿಂದ ಜಲಪಾತದವರೆಗೆ ಗಾಡಿಗಳಲ್ಲಿ ಎಳೆದು ತಂದರು. ಶೇಷಾದ್ರಿ ಅಯ್ಯರ್ 1901ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ದೀಪ ಹೊತ್ತಿದ್ದನ್ನು ನೋಡಲಿಲ್ಲ.

ಆ ಕೇಂದ್ರಕ್ಕೆ ಒಂದು ಕುಂದಿತ್ತು. ಅದರ ಹಿಂದೆ ಜಲಾಶಯವಿರಲಿಲ್ಲ. ಮಳೆಗಾಲದಲ್ಲಿ ಭೋರ್ಗರೆಯುವ ಕಾವೇರಿ ಬೇಸಿಗೆಯಲ್ಲಿ ಸೊರಗುತ್ತಾಳೆ ಎಂಬುದು ಹೊಳೆದಂಡೆಯ ಮಗುವಿಗೂ ಗೊತ್ತಿರುವ ಸಂಗತಿ. ಮೇಲೊಂದು ಕಟ್ಟೆ ಕಟ್ಟಿ ನೀರು ಹಿಡಿದು, ವರ್ಷವಿಡೀ ಒಂದೇ ಸಮನೆ ಬಿಡುವ ಏರ್ಪಾಡು ಇಲ್ಲದೆ ವಿದ್ಯುತ್ ಕೇಂದ್ರ ತೆರೆಯುವುದು ಅಪೂರ್ಣ ಕೆಲಸ. ಜಲಾಶಯ ಆಗುವ ತನಕ ಕಾಯೋಣ ಎಂದಿದ್ದರೆ ಅದಕ್ಕೆ ಯಾರೂ ತಪ್ಪು ಹೇಳುತ್ತಿರಲಿಲ್ಲ.

ಕಾಯದೇ ಇದ್ದದ್ದರಿಂದ ಏನಾಯಿತು ನೋಡಿ. ಗಣಿ ಕಂಪನಿಗಳಿಗೆ ಕರೆಂಟಿನ ರುಚಿ ಹತ್ತಿತು. ಇನ್ನೂ ಬೇಕು ಎಂದವು. ರಾಜ್ಯಕ್ಕೆ ಆದಾಯ ಬಂತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಬೇಡಿಕೆ ಏರಿದಂತೆ ಬೇಸಿಗೆಯ ಕೊರತೆ ಎಲ್ಲರಿಗೂ ಕಾಣತೊಡಗಿತು. ಕಟ್ಟೆ ಬೇಕು ಎಂಬ ಮಾತಿಗೆ ಅಷ್ಟರವರೆಗೆ ಇದ್ದದ್ದು ರೈತನ ಸಂಕಟದ ಬಲ ಮಾತ್ರ. ಈಗ ಅದರ ಜೊತೆಗೆ ಹಣ ಕೊಡುವ ಗಿರಾಕಿಯೂ ನಿಂತ. ಶಿವನಸಮುದ್ರದ ಅಪೂರ್ಣ ಕೆಲಸವೇ ಕನ್ನಂಬಾಡಿಗೆ ಕಾರಣವನ್ನೂ ಕಾಸನ್ನೂ ಒದಗಿಸಿತು. ಜಲಾಶಯ ಮೊದಲು, ಕೇಂದ್ರ ಆಮೇಲೆ ಎಂಬ ಅಚ್ಚುಕಟ್ಟಾದ ಕ್ರಮವನ್ನು ಹಿಡಿದಿದ್ದರೆ ಎರಡೂ ಆಗುತ್ತಿದ್ದವೇ ಎಂಬ ಬಗ್ಗೆ ನನಗೆ ಬಲವಾದ ಅನುಮಾನವಿದೆ.

ಕಟ್ಟೆಯ ಕನಸಂತೂ ಇನ್ನೂ ಹಳೆಯದು. ಕಾವೇರಿಗೆ ಅದೇ ಪ್ರದೇಶದಲ್ಲಿ ಕಟ್ಟೆ ಕಟ್ಟಲು ಟಿಪ್ಪು ಸುಲ್ತಾನ್ ಅಡಿಗಲ್ಲಿಟ್ಟದ್ದನ್ನು ಹೇಳುವ 1794ರ ಪಾರ್ಸಿ ಶಾಸನವೊಂದು ಕಟ್ಟೆಯ ಕೆಲಸದ ಕಾಲದಲ್ಲಿ ಸಿಕ್ಕಿತು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಆ ಕೆಲಸ ಅಲ್ಲಿಗೇ ನಿಂತಿತು. ಮುಂದೆ 1876ರಿಂದ 78ರವರೆಗಿನ ಘೋರ ಕ್ಷಾಮದಲ್ಲಿ ಮೈಸೂರು ಸೀಮೆಯ ಐದರಲ್ಲಿ ಒಂದು ಪಾಲಿನಷ್ಟು ಜನ ಸತ್ತರು. ಹೇಮಾವತಿ, ಲಕ್ಷ್ಮಣತೀರ್ಥಗಳು ಕಾವೇರಿಯನ್ನು ಕೂಡುವ ತಾಣದ ಮಗ್ಗುಲಲ್ಲೇ ಮಂಡ್ಯದ ಕಡೆಯ ಹೊಲಗಳು ಮಳೆಗೆ ಬಾಯಿ ತೆರೆದು ಕೂತಿರುತ್ತಿದ್ದವು.

ಕಾಯುವುದರಿಂದ ಯಾರಿಗೆ ಲಾಭ

ಕಾಯುವುದು ಯಾವ ಪಕ್ಷವನ್ನೂ ವಹಿಸದ ನಡೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಏನೂ ಮಾಡದಿದ್ದರೆ ಏನೂ ಕೆಡುವುದಿಲ್ಲ ಎಂಬ ಲೆಕ್ಕ. ಕಾವೇರಿಯ ವಿಚಾರದಲ್ಲಿ ಈ ಲೆಕ್ಕ ತಪ್ಪಾಗಿತ್ತು. ಏಕೆ ಎಂಬುದು 1892ರ ಒಪ್ಪಂದದಲ್ಲಿದೆ.

ಆ ಒಪ್ಪಂದದ ಪ್ರಕಾರ ಪಟ್ಟಿಯಲ್ಲಿರುವ ನದಿಗಳಿಗೆ ಅಡ್ಡಲಾಗಿ ಹೊಸ ನೀರಾವರಿ ಜಲಾಶಯ ಕಟ್ಟಬೇಕಾದರೆ ಮೈಸೂರು ಮೊದಲು ಮದರಾಸಿನ ಒಪ್ಪಿಗೆ ಪಡೆಯಬೇಕು. ಮದರಾಸು ಮನಸ್ಸಿಗೆ ಬಂದಂತೆ ನಿರಾಕರಿಸುವಂತಿಲ್ಲ. ಆದರೆ ಈಗಾಗಲೇ ಗಳಿಸಿಕೊಂಡು ನಿಜವಾಗಿ ಅನುಭವಿಸುತ್ತಿರುವ ಹಕ್ಕಿನ ರಕ್ಷಣೆಗಾಗಿ ನಿರಾಕರಿಸಬಹುದು. ಈ ಮಾತನ್ನು ನಿಧಾನವಾಗಿ ಓದಬೇಕು. ತಂಜಾವೂರಿನ ಮುಖಜಭೂಮಿಯಲ್ಲಿ ಕಲ್ಲಣೆ ಎಂಬ ಪ್ರಾಚೀನ ಅಣೆಕಟ್ಟಿನ ಕಾಲದಿಂದ ನೀರಾವರಿ ಇದೆ. ಬ್ರಿಟಿಷರ ಕಾಲದಲ್ಲಿ ಅದು ಇನ್ನೂ ಹಬ್ಬಿತು. ಅಲ್ಲಿ ಹೊಸದಾಗಿ ಒಂದು ಎಕರೆಗೆ ನೀರು ಹರಿದರೆ ಕೆಲವು ವರ್ಷಗಳಲ್ಲಿ ಅದು ಅನುಭವಿಸುತ್ತಿರುವ ಹಕ್ಕಾಗುತ್ತದೆ. ಮೇಲಿನ ಮೈಸೂರಿನಲ್ಲಿ ಹೊಳೆಯ ನೀರು ಬಳಸದೆ ಹರಿದುಹೋದ ಪ್ರತಿ ವರ್ಷವೂ ಕೆಳಗಿನವರ ಹಕ್ಕನ್ನು ಬಲಪಡಿಸುತ್ತದೆ, ಮೇಲಿನವರದನ್ನು ಸಡಿಲಿಸುತ್ತದೆ. ಸುಮ್ಮನೆ ಕೂತವನ ಪಾಲು ಕೂತಲ್ಲೇ ಕರಗುವ ಏರ್ಪಾಡು ಇದು. ಕಾಲ ಮದರಾಸಿನ ಕಡೆಗಿತ್ತು.

ಜೊತೆಗೆ ಮದರಾಸಿಗೆ ಮೆಟ್ಟೂರಿನಲ್ಲಿ ತನ್ನದೇ ದೊಡ್ಡ ಜಲಾಶಯ ಕಟ್ಟುವ ಯೋಚನೆ ಇತ್ತು. ಒಂದೇ ನದಿಯ ಮೇಲೆ ಎರಡು ದೊಡ್ಡ ಯೋಜನೆಗಳು ಎದುರುಬದುರಾದಾಗ ಒಂದು ನೇರವಾಗಿ ಬ್ರಿಟಿಷರ ಪ್ರಾಂತ್ಯದ್ದು, ಇನ್ನೊಂದು ದೇಶೀ ಸಂಸ್ಥಾನದ್ದು. ತೀರ್ಪು ಹೇಳಬೇಕಾದ ಭಾರತ ಸರ್ಕಾರವೂ ಬ್ರಿಟಿಷರದೇ. ಇಂಥ ಪಂಚಾಯಿತಿಯಲ್ಲಿ ಎಲ್ಲ ಒಪ್ಪಿಗೆಗಳೂ ಕೈಗೆ ಬಂದ ಮೇಲೆ ಗುದ್ದಲಿ ಹಿಡಿಯುತ್ತೇನೆ ಎಂದು ಕೂತರೆ ಗುದ್ದಲಿ ತುಕ್ಕು ಹಿಡಿಯುತ್ತಿತ್ತು.

ಮನೆಯೊಳಗಿನ ವಿರೋಧವನ್ನು ಇಲ್ಲಿ ಚಿಕ್ಕದಾಗಿ ಹೇಳಿದರೆ ಸಾಕು. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತ್ಯದ ಸೇವೆ ಮುಗಿಸಿ, ಮೂಸಿ ನದಿಯ ಪ್ರವಾಹದ ನಂತರ ಹೈದರಾಬಾದಿಗೆ ಯೋಜನೆ ಮಾಡಿಕೊಟ್ಟು, 1909ರ ನವೆಂಬರ್‌ನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದರು. ಅವರು ಮುಂದಿಟ್ಟ ಕನ್ನಂಬಾಡಿ ಯೋಜನೆಗೆ ಹಣಕಾಸು ಇಲಾಖೆ ತಕರಾರು ತೆಗೆಯಿತು: ಇಷ್ಟು ದುಡ್ಡು ಸುರಿದು ತಯಾರಿಸುವ ವಿದ್ಯುತ್ತನ್ನು ಕೊಳ್ಳುವವರು ಯಾರು? ಬೇಡಿಕೆಯೇ ಇಲ್ಲವಲ್ಲ? ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣಲಾರೆ. ಬೊಕ್ಕಸ ಕಾಯುವವರು ಕೇಳಲೇಬೇಕಾದ ಪ್ರಶ್ನೆ ಅದು. ದಿವಾನ್ ಟಿ. ಆನಂದರಾಯರ ಮೂಲಕ ವಿಷಯ ಮಹಾರಾಜರ ತನಕ ಹೋಯಿತು. ಅವರು ಕಾಗದಗಳನ್ನು ಪರಿಶೀಲಿಸಿ 81 ಲಕ್ಷ ರೂಪಾಯಿಯ ಮಂಜೂರಾತಿಯೊಂದಿಗೆ ಅಪ್ಪಣೆ ಕೊಟ್ಟರು.

ಅಪ್ಪಣೆ ಬಂದ ತಿಂಗಳನ್ನು ಮರೆಯಬಾರದು. ಅಕ್ಟೋಬರ್ ಎಂದರೆ ಮುಂಗಾರಿನ ನೆರೆ ಇಳಿದಿರುತ್ತದೆ. ಹೊಳೆಯ ಪಾತ್ರದಲ್ಲಿ ಇಳಿದು ಪಾಯ ತೋಡುವ ಕೆಲಸಕ್ಕೆ ಸಿಗುವುದು ಅಲ್ಲಿಂದ ಮುಂದಿನ ಮೇ ತಿಂಗಳವರೆಗಿನ ಅವಧಿ. ಜೂನ್ ಬಂದರೆ ಹೊಳೆ ತನ್ನ ಜಾಗವನ್ನು ತಾನು ತೆಗೆದುಕೊಳ್ಳುತ್ತದೆ. ನವೆಂಬರ್‌ನಲ್ಲಿ ಕೆಲಸ ಶುರುವಾದದ್ದರಿಂದ ಒಂದು ಇಡೀ ಹಂಗಾಮು ಕೈಗೆ ಸಿಕ್ಕಿತು. ಇನ್ನೊಂದು ಸುತ್ತು ಪತ್ರವ್ಯವಹಾರ ಮಾಡೋಣ, ನಾಲ್ಕು ತಿಂಗಳು ತಾನೇ ಎಂದಿದ್ದರೆ ಹೋಗುತ್ತಿದ್ದದ್ದು ನಾಲ್ಕು ತಿಂಗಳಲ್ಲ, ಒಂದು ವರ್ಷ. ಹೊಳೆಯೊಡನೆ ಕೆಲಸ ಮಾಡುವವರಿಗೆ ಕ್ಯಾಲೆಂಡರು ಬೇರೆ.

ಪಾಯದ ಲೆಕ್ಕ

ಈಗ ಪ್ರಕರಣದ ತಿರುಳಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಗಣಿತವಿದೆ. ಬಿಟ್ಟು ಓದಬೇಡಿ, ನಿರ್ಧಾರದ ಸೊಗಸೆಲ್ಲ ಅದರಲ್ಲೇ ಇದೆ.

ಮೊದಲು ಎತ್ತರದ ವಿಚಾರ. 80 ಅಡಿಗೂ 124 ಅಡಿಗೂ ಇರುವ ವ್ಯತ್ಯಾಸ ಮೇಲ್ನೋಟಕ್ಕೆ ಒಂದೂವರೆ ಪಟ್ಟು. ಆದರೆ ಹಿಡಿಯುವ ನೀರು 11ರಿಂದ 41.5 ಟಿಎಂಸಿಗೆ ಏರುತ್ತದೆ, ಅಂದರೆ ಹತ್ತಿರ ಹತ್ತಿರ ನಾಲ್ಕು ಪಟ್ಟು. ಕಣಿವೆ ಮೇಲಕ್ಕೆ ಹೋದಂತೆ ಅಗಲವಾಗುತ್ತದೆ, ಹಿನ್ನೀರು ಹಿಂದಕ್ಕೆ ಉದ್ದವಾಗಿ ಚಾಚುತ್ತದೆ, ಆಳವೂ ಹೆಚ್ಚುತ್ತದೆ. ಮೂರೂ ದಿಕ್ಕಿನಲ್ಲಿ ಬೆಳೆಯುವುದರಿಂದ ನೀರಿನ ಮೊತ್ತ ಎತ್ತರದ ಘನದ ಲೆಕ್ಕದಲ್ಲಿ ಏರುತ್ತದೆ. 124ನ್ನು 80ರಿಂದ ಭಾಗಿಸಿ ಮೂರು ಸಲ ಗುಣಿಸಿ ನೋಡಿ: ಸುಮಾರು 3.7 ಬರುತ್ತದೆ. 41.5ನ್ನು 11ರಿಂದ ಭಾಗಿಸಿ: ಸುಮಾರು 3.8. ಯೋಜನೆಯ ಅಂಕಿಗಳು ಕಣಿವೆಯ ಆಕಾರವನ್ನು ಎಷ್ಟು ಚೆನ್ನಾಗಿ ಅನುಸರಿಸುತ್ತವೆ! ಮೇಲಿನ 44 ಅಡಿಯಲ್ಲೇ ಮುಕ್ಕಾಲು ಪಾಲು ನೀರು ಇದೆ. ಮೊದಲ ಹಂತದಿಂದ ಶಿವನಸಮುದ್ರದ ಯಂತ್ರಗಳಿಗೆ ಬೇಸಿಗೆಯ ಕೊರತೆ ನೀಗಬಹುದು. ಮಂಡ್ಯದ ಹೊಲಗಳಿಗೆ ನೀರು ಹರಿಯಬೇಕಾದರೆ ಎರಡನೆಯ ಹಂತವೇ ಬೇಕು.

ಇನ್ನು ಪಾಯ. ಕಲ್ಲುಗಾರೆಯ ಕಟ್ಟೆ ನೀರನ್ನು ತಡೆದು ನಿಲ್ಲುವುದು ತನ್ನ ಭಾರದಿಂದ. ನೀರಿನ ಆಳ ಹೆಚ್ಚಿದಂತೆ ಕಟ್ಟೆಯನ್ನು ನೂಕುವ ಬಲ ಆಳದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಅದನ್ನು ಬುಡದಲ್ಲಿ ಮಗುಚುವ ಬಲ ಘನದ ಲೆಕ್ಕದಲ್ಲಿ ಏರುತ್ತದೆ. ಹಾಗಾಗಿ ಬುಡದ ಅಗಲ ಎತ್ತರಕ್ಕೆ ತಕ್ಕಂತೆ ಇರಲೇಬೇಕು. 80 ಅಡಿಗೆ ಸಾಲುವ ಬುಡದ ಮೇಲೆ 124 ಅಡಿಯ ಕಟ್ಟೆ ನಿಲ್ಲುವುದಿಲ್ಲ.

ಸರಿ, ಆಮೇಲೆ ಅಗಲ ಮಾಡಿಕೊಂಡರಾಯಿತು ಎನ್ನಬಹುದು. ಅದೇ ಕಾಲದಲ್ಲಿ ಈಜಿಪ್ಟಿನಲ್ಲಿ ನೈಲ್ ನದಿಯ ಆಸ್ವಾನ್ ಕಟ್ಟೆಗೆ ಹಾಗೆಯೇ ಮಾಡುತ್ತಿದ್ದರು. 1902ರಲ್ಲಿ ಮುಗಿದ ಕಟ್ಟೆ ಸಾಲದಾಗಿ 1907ರಿಂದ 1912ರ ತನಕ ಅದನ್ನು ಎತ್ತರಿಸಿದರು; 1929ರಿಂದ 33ರ ತನಕ ಮತ್ತೊಮ್ಮೆ ಎತ್ತರಿಸಿದರು. ಹಳೆಯ ಕಲ್ಲುಕಟ್ಟಡಕ್ಕೆ ಹೊಸದನ್ನು ಒತ್ತಾಗಿ ಸೇರಿಸಿದರೆ ಬಿಸಿಲಿಗೆ ಒಂದೊಂದು ಒಂದೊಂದು ಬಗೆಯಾಗಿ ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ. ಅದಕ್ಕಾಗಿ ಮೊದಲ ಸಲ ಎತ್ತರಿಸುವಾಗ ಎರಡರ ನಡುವೆ ಸಂದು ಬಿಟ್ಟು, ಹೊಸ ಕಟ್ಟಡದ ಕಾವು ಹಳೆಯದಕ್ಕೆ ಸಮನಾದ ಮೇಲೆ ಸಂದಿಗೆ ಸಿಮೆಂಟು ತುಂಬಿದರು. ಸಾಮ್ರಾಜ್ಯದ ಹಣ, ಸಾಮ್ರಾಜ್ಯದ ಎಂಜಿನಿಯರುಗಳು ಇದ್ದ ಕಡೆ ಅದು ಸಾಧ್ಯವಾಯಿತು. ಸಿಮೆಂಟಿಲ್ಲದೆ ಇಟ್ಟಿಗೆ ಪುಡಿ, ಸುಣ್ಣದ ಸುರ್ಕಿ ಗಾರೆಯನ್ನು ನೆಚ್ಚಿಕೊಂಡಿದ್ದ ಮೈಸೂರಿಗೆ, ತುಂಬಿದ ಜಲಾಶಯವನ್ನು ಬೆನ್ನಿಗಿಟ್ಟುಕೊಂಡು ಬುಡ ಅಗಲಿಸುವುದು ಎಟುಕದ ಮಾತು.

ನಮ್ಮೂರುಗಳಲ್ಲಿ ಮನೆ ಕಟ್ಟುವವರಿಗೆ ಈ ವಿವೇಕ ಹೊಸದಲ್ಲ. ಕೈಯಲ್ಲಿರುವ ದುಡ್ಡಿಗೆ ನೆಲಮನೆಯಷ್ಟೇ ಆಗುತ್ತದೆ, ಆದರೆ ಮುಂದೆ ಮಹಡಿ ಎಬ್ಬಿಸುವ ಆಸೆ ಇರುತ್ತದೆ. ಆಗ ಪಾಯವನ್ನು ಮಹಡಿಯ ಲೆಕ್ಕಕ್ಕೇ ಹಾಕಿಸಿ, ತಾರಸಿಯ ಮೇಲೆ ಪಿಲ್ಲರಿನ ಕಂಬಿಗಳನ್ನು ಚಾಚಿ ಬಿಟ್ಟಿರುತ್ತಾರೆ.

ಈಗ ಮೈಸೂರಿನ ನಿರ್ಧಾರವನ್ನು ಬಿಡಿಸಿ ನೋಡೋಣ. ಕೆಲಸದಲ್ಲಿ ಎರಡು ಜಾತಿಯ ಭಾಗಗಳಿದ್ದವು. ಒಂದು, ಈಗ ಮಾಡದಿದ್ದರೆ ಮುಂದೆ ಮಾಡಲು ಬಾರದ್ದು: ಪಾಯ. ಇನ್ನೊಂದು, ಈಗ ಬಿಟ್ಟರೂ ಮುಂದೆ ಮಾಡಬಹುದಾದ್ದು: ಎತ್ತರ, ನಾಲೆ, ಅಚ್ಚುಕಟ್ಟು. ಅಪ್ಪಣೆ ಇಲ್ಲದ ಎತ್ತರಕ್ಕೆ ಅವರು ಹೋಗಲಿಲ್ಲ. ನಾಲೆ ತೋಡಲಿಲ್ಲ. ಒಪ್ಪಿಗೆ ಸಿಕ್ಕಷ್ಟು ನೀರನ್ನು ಹಿಡಿಯುವ ಕಟ್ಟೆಯನ್ನೇ ಎಬ್ಬಿಸಿದರು. ಪಾಯವನ್ನು ಮಾತ್ರ ಪೂರ್ತಿ ಯೋಜನೆಗೆ ಹಾಕಿದರು. ಮುಂದೆ ಒಪ್ಪಿಗೆ ಸಿಗದೇ ಹೋದರೆ ನಷ್ಟವಾಗುವುದು ಏನು? ಪಾಯಕ್ಕೆ ಹೆಚ್ಚಿಗೆ ಸುರಿದ ಕಲ್ಲು, ಗಾರೆ, ಕೂಲಿ. ಕಟ್ಟೆಯಂತೂ ಇರುತ್ತದೆ, ಕರೆಂಟಂತೂ ಬರುತ್ತದೆ. ಒಪ್ಪಿಗೆ ಸಿಕ್ಕರೆ ಬರುವುದು ಏನು? ನಾಲ್ಕು ಪಟ್ಟು ನೀರು. ಸೋತರೆ ಎಷ್ಟು ಹೋಗುತ್ತದೆ ಎಂಬುದಕ್ಕೆ ಮಿತಿ ಹಾಕಿಕೊಂಡು, ಗೆದ್ದರೆ ಬರುವುದಕ್ಕೆ ಬಾಗಿಲು ತೆರೆದಿಟ್ಟ ನಡೆ ಇದು.

ಮೊದಲ ಹಂತವನ್ನು ವಿದ್ಯುತ್ತಿನ ಹೆಸರಿನಲ್ಲಿ ಕಟ್ಟಿದ್ದರಲ್ಲೂ ಇದೇ ಜಾಣ್ಮೆ ಇದೆ. ಹೊಲಕ್ಕೆ ಬಿಟ್ಟ ನೀರು ಬೆಳೆಗೆ, ಬಿಸಿಲಿಗೆ ಖರ್ಚಾಗುತ್ತದೆ. ಯಂತ್ರ ತಿರುಗಿಸಿದ ನೀರು ಖರ್ಚಾಗದೆ ಮತ್ತೆ ಹೊಳೆಗೇ ಬಿದ್ದು ಕೆಳಗೆ ಹರಿಯುತ್ತದೆ. ಕೆಳಗಿನವರು ಕಡಿಮೆ ಹೆದರಬೇಕಾದ ಭಾಗವನ್ನೇ ಮುಂದೆ ಮಾಡಿದರು.

ಕೆಲಸ ನಡೆದ ಬಗೆ

ಸಿಮೆಂಟಿಗೆ ಬದಲಾಗಿ ಸುರ್ಕಿ ಬಂತು. ಸುಟ್ಟ ಇಟ್ಟಿಗೆಯನ್ನು ನುಣ್ಣಗೆ ಪುಡಿ ಮಾಡಿ, ಸುಣ್ಣದೊಡನೆ ಅರೆದು ಮಾಡುವ ಗಾರೆ ಅದು. ಬರಿಯ ಸುಣ್ಣದ ಗಾರೆ ಗಾಳಿ ಕುಡಿದು ಗಟ್ಟಿಯಾಗುತ್ತದೆ. ಸುರ್ಕಿ ಸೇರಿದ ಗಾರೆ ಒದ್ದೆಯಲ್ಲೂ ಗಟ್ಟಿಯಾಗುತ್ತದೆ. ನಿಧಾನವಾಗಿ ಕಟ್ಟಿಕೊಳ್ಳುತ್ತದೆ, ಆದರೆ ಕಟ್ಟಿಕೊಂಡ ಮೇಲೆ ಬಿಡುವುದಿಲ್ಲ. ಇಟ್ಟಿಗೆ ಸುಡುವುದು, ಸುಣ್ಣ ಸುಡುವುದು, ಕಲ್ಲು ಒಡೆಯುವುದು, ಈ ಮೂರೂ ನಮ್ಮವರ ಕೈಗೆ ರೂಢಿಯಾಗಿದ್ದ ಕೆಲಸಗಳು. ಒಳ್ಳೆಯ ಸಾಮಗ್ರಿ ಬರಲಿ ಎಂದು ಕಾದಿದ್ದರೆ ಒಂದು ಗೋಡೆಯೂ ಏಳುತ್ತಿರಲಿಲ್ಲ. ಕೈಗೆ ಸಿಗುವ ಸಾಮಗ್ರಿಯಿಂದ 8,600 ಅಡಿ ಉದ್ದದ ಕಟ್ಟೆ ಎದ್ದು ಇಂದಿಗೂ ನಿಂತಿದೆ.

ಕೆಲಸ ಬಿರುಸಾಗಿದ್ದಾಗ ಹತ್ತು ಸಾವಿರದಷ್ಟು ಜನ ದುಡಿಯುತ್ತಿದ್ದರು. ಮಲೇರಿಯಾ ಕಾಡಿತು. ಗಣಿಗಳಿಗೆ ಹೆಚ್ಚಿನ ವಿದ್ಯುತ್ ಕೊಡುವ ಗಡುವು ತಲೆಯ ಮೇಲೆ ತೂಗುತ್ತಿದ್ದುದರಿಂದ ರಾತ್ರಿಯೂ ದೀಪ ಹಚ್ಚಿ ಕೆಲಸ ನಡೆಸಿದರು. ಆ ಗಡುವು ಎರಡು ಅಲಗಿನದು. ಅದು ಇಲ್ಲದಿದ್ದರೆ ಸರ್ಕಾರಿ ಕೆಲಸ ಸರ್ಕಾರಿ ನಡಿಗೆಯಲ್ಲೇ ಸಾಗುತ್ತಿತ್ತು; ಇದ್ದದ್ದರಿಂದ ಜ್ವರದಲ್ಲಿ ನಡುಗುವ ಮೈಗಳ ಮೇಲೂ ಅದರ ಭಾರ ಬಿತ್ತು. ಆ ಹತ್ತು ಸಾವಿರ ಜನರ ಹೆಸರುಗಳು ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲ. ಕಟ್ಟೆಯ ಬಗ್ಗೆ ಬರೆಯುವವರು ಒಂದು ಸಾಲಾದರೂ ಅವರಿಗೆ ಸಲ್ಲಿಸಬೇಕು.

1912ರ ನವೆಂಬರ್‌ನಲ್ಲಿ ವಿಶ್ವೇಶ್ವರಯ್ಯನವರು ದಿವಾನರಾದರು. ಯೋಜನೆ ಬರೆದವರ ಕೈಗೇ ಆಡಳಿತ ಬಂದದ್ದು ಕೆಲಸಕ್ಕೆ ದೊಡ್ಡ ಬಲವಾಯಿತು. ಇದು ಅದೃಷ್ಟದ ಪಾಲು. ಎಲ್ಲ ಪ್ರಕರಣಗಳಲ್ಲೂ ಇಂಥದ್ದು ಒದಗುವುದಿಲ್ಲ ಎಂಬುದನ್ನು ಓದುವವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪಂಚಾಯಿತಿ, ಮೇಲ್ಮನವಿ, ಒಪ್ಪಂದ

ಮದರಾಸು ಸುಮ್ಮನಿರಲಿಲ್ಲ. ಒಪ್ಪಿಗೆ ಇಲ್ಲದ ಎತ್ತರಕ್ಕೆ ಪಾಯ ಬೀಳುತ್ತಿದೆ ಎಂದರೆ ಮುಂದೇನು ಎಂಬುದು ಯಾರಿಗಾದರೂ ತಿಳಿಯುತ್ತದೆ. ವ್ಯಾಜ್ಯ 1892ರ ಒಪ್ಪಂದದ ಪ್ರಕಾರ ಮಧ್ಯಸ್ಥರ ಮುಂದೆ ಹೋಯಿತು. ಸರ್ ಎಚ್. ಡಿ. ಗ್ರಿಫಿನ್ ಮಧ್ಯಸ್ಥರು, ನೀರಾವರಿಯ ಇನ್‌ಸ್ಪೆಕ್ಟರ್ ಜನರಲ್ ಎಂ. ನೆದರ್‌ಸೋಲ್ ಅವರಿಗೆ ತಾಂತ್ರಿಕ ಸಲಹೆಗಾರರು. 1913ರ ಜುಲೈನಲ್ಲಿ ವಿಚಾರಣೆ ಶುರುವಾಗಿ 1914ರ ಮೇ ತಿಂಗಳಲ್ಲಿ ತೀರ್ಪು ಬಂತು. ಮದರಾಸು ಅದನ್ನು ಒಪ್ಪದೆ ಲಂಡನ್ನಿನ ತನಕ ಮೇಲ್ಮನವಿ ಒಯ್ದಿತು. ಮಹಾಯುದ್ಧ ಬಂತು, ಹೋಯಿತು. 1918ರ ಕೊನೆಗೆ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ವ್ಯಾಜ್ಯ ಹಾಗೇ ಇತ್ತು.

ಕೊನೆಗೆ 1924ರ ಫೆಬ್ರವರಿ 18ರಂದು ಎರಡೂ ಸರ್ಕಾರಗಳು ಒಪ್ಪಂದಕ್ಕೆ ಸಹಿ ಹಾಕಿದವು. ಮೈಸೂರು ತನ್ನ ಜಲಾಶಯವನ್ನು 124 ಅಡಿಗೆ, 44.827 ಟಿಎಂಸಿ ಬಳಕೆಯ ಸಾಮರ್ಥ್ಯಕ್ಕೆ ಏರಿಸಬಹುದು. ಮದರಾಸು ಮೆಟ್ಟೂರಿನಲ್ಲಿ 93.5 ಟಿಎಂಸಿಯ ಜಲಾಶಯ ಕಟ್ಟಬಹುದು. ಕನ್ನಂಬಾಡಿಯ ಕೆಲಸ ಆರಂಭವಾಗಿ ಹನ್ನೆರಡು ವರ್ಷ ಮೀರಿತ್ತು. ಪಾಯ ಸಿದ್ಧವಿದ್ದ ಕಾರಣ ಮೇಲಿನ ಕೆಲಸ ಮುಂದುವರಿಸಲು ಅಡ್ಡಿಯಿರಲಿಲ್ಲ. 1931ರ ಹೊತ್ತಿಗೆ ಕಟ್ಟೆ ಮುಗಿಯಿತು. ಆಗ ವಿಶ್ವೇಶ್ವರಯ್ಯನವರು ಅಧಿಕಾರ ಬಿಟ್ಟು ಬಹಳ ಕಾಲವಾಗಿತ್ತು. ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಹುಲಿಕೆರೆಯ ಸುರಂಗವನ್ನು ಹಾದು ನಾಲೆ ಮಂಡ್ಯದ ಕಡೆಗೆ ಹರಿಯಿತು. ಅಂದಿನ ಇರ್ವಿನ್ ನಾಲೆಯೇ ಇಂದಿನ ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು.

ಮೆಟ್ಟೂರನ್ನು ಇಲ್ಲಿ ಎದುರುದಾಹರಣೆಯಾಗಿ ಇಡುವುದು ನ್ಯಾಯ. ಅದರ ಕೆಲಸ ಆರಂಭವಾದದ್ದು ಒಪ್ಪಂದ ಆದ ಮೇಲೆ, 1925ರಲ್ಲಿ, ಮುಗಿದದ್ದು 1934ರಲ್ಲಿ. ಕಾದು ಕೂತದ್ದರಿಂದ ಅದಕ್ಕೆ ಕೇಡಾಗಲಿಲ್ಲ. ಕನ್ನಂಬಾಡಿಗಿಂತ ಎರಡು ಪಟ್ಟು ದೊಡ್ಡ ಜಲಾಶಯವೇ ಕೈಗೆ ಬಂತು. ಕಾಯುವವರೆಲ್ಲ ಕೆಡುತ್ತಾರೆ ಎಂಬ ಮಾತನ್ನು ಈ ಪ್ರಕರಣ ಎತ್ತಿಹಿಡಿಯುವುದಿಲ್ಲ. ಮದರಾಸಿಗೆ ಕಾಯುವ ಕಾಲದಲ್ಲೂ ಮುಖಜಭೂಮಿಗೆ ನೀರು ಹರಿಯುತ್ತಿತ್ತು, ಹಕ್ಕು ಬೆಳೆಯುತ್ತಿತ್ತು. ಕಾಯುವುದಕ್ಕೆ ಅದರ ಹತ್ತಿರ ಬಂಡವಾಳವಿತ್ತು. ಮೈಸೂರಿನ ಹತ್ತಿರ ಇರಲಿಲ್ಲ. ಇದೇ ಕಾರಣಕ್ಕೆ, ಯಾರಾದರೂ ಸಕಾಲ ಬರಲಿ ಎಂದು ಬುದ್ಧಿ ಹೇಳಿದಾಗ, ಆ ನಡುವಿನ ಕಾಲ ಯಾರ ಖಾತೆಗೆ ಜಮೆಯಾಗುತ್ತಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಒಪ್ಪಂದದಿಂದ ಮನಸ್ತಾಪ ತೀರಲಿಲ್ಲ ಎಂಬುದನ್ನು ಕಾವೇರಿಯ ಹೆಸರು ಕೇಳಿದ ಪ್ರತಿಯೊಬ್ಬರೂ ಬಲ್ಲರು. ಐವತ್ತು ವರ್ಷ ಕಳೆದ ಮೇಲೆ ಮರುಪರಿಶೀಲನೆ ಎಂಬ ಮಾತು ಒಪ್ಪಂದದಲ್ಲಿತ್ತು. 1974 ದಾಟುತ್ತಲೇ ಜಗಳ ಹೊಸ ರೂಪ ಪಡೆಯಿತು. 1990ರಲ್ಲಿ ನ್ಯಾಯಮಂಡಳಿ ನೇಮಕವಾಗಿ, 2007ರಲ್ಲಿ ಅದರ ಅಂತಿಮ ತೀರ್ಪು ಬಂದು, 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ಪಾಲನ್ನು 284.75 ಟಿಎಂಸಿ ಎಂದು ಗೊತ್ತುಪಡಿಸಿತು. ತಂಜಾವೂರಿನ ರೈತನ ಆತಂಕ ಸುಳ್ಳಲ್ಲ. ಮೇಲೆ ಪಾಯ ಬೀಳುವುದನ್ನು ಕಂಡಾಗ ಕೆಳಗಿನವರ ಮನಸ್ಸಿನಲ್ಲಿ ಹುಟ್ಟಿದ ಅಪನಂಬಿಕೆಗೂ ಈ ನಿರ್ಧಾರದ ಖರ್ಚಿನ ಪಟ್ಟಿಯಲ್ಲಿ ಜಾಗ ಕೊಡಬೇಕು. ಆದರೂ 1911ರಲ್ಲಿ ಮೈಸೂರಿನ ಜಾಗದಲ್ಲಿ ಕೂತು ನೋಡಿದರೆ ನಾನು ಆ ಪಾಯದ ಪರವಾಗಿಯೇ ನಿಲ್ಲುತ್ತೇನೆ.

ಪಾಯದಷ್ಟೇ ಮೊದಲು ಆಗಬೇಕಿದ್ದವು

ಮುಂದೆ ಮಾಡಲು ಬಾರದ್ದನ್ನು ಮೊದಲು ಮಾಡಬೇಕು ಎಂಬ ಅಳತೆಗೋಲನ್ನು ಕಲ್ಲುಗಾರೆಗೆ ಇಟ್ಟವರು ಎಲ್ಲದಕ್ಕೂ ಇಟ್ಟರೇ? ನನ್ನ ಉತ್ತರ, ಇಲ್ಲ.

ಕನ್ನಂಬಾಡಿ ಒಂದು ಊರಿನ ಹೆಸರು. ಆ ಊರು, ಅದರೊಡನೆ ಸುತ್ತಿನ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳು ಹಿನ್ನೀರಿನ ಪಾಲಾದವು. ಸಾವಿರಾರು ಜನ ಮನೆ, ಹೊಲ, ಗೋಮಾಳ, ಗುಡಿ ಬಿಟ್ಟು ಎದ್ದರು. ಸರ್ಕಾರ ಬೇರೆ ಕಡೆ ಜಮೀನು ಕೊಟ್ಟಿತು. ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ಗುಡಿ ದಶಕಗಳ ಕಾಲ ನೀರಿನಡಿ ಇದ್ದು, ಬರಗಾಲದ ವರ್ಷಗಳಲ್ಲಿ ಮಾತ್ರ ತಲೆ ಎತ್ತುತ್ತಿತ್ತು. ಈ ಶತಮಾನದಲ್ಲಷ್ಟೇ ಅದರ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದರು. ಗುಡಿಯ ಕಲ್ಲನ್ನು ಗುರುತು ಹಾಕಿ ಬಿಚ್ಚಿ ಸಾಗಿಸುವುದಕ್ಕೆ ಬೇಕಾದ ಕಲ್ಲುಕುಟಿಗರು 1911ರಲ್ಲೂ ಇದ್ದರು. ಪಕ್ಕದಲ್ಲೇ ಕಟ್ಟೆ ಕಟ್ಟುತ್ತಿದ್ದರು. ಊರು ಮುಳುಗುವುದು ಹಿಂದಕ್ಕೆ ತರಲಾಗದ ಸಂಗತಿ. ಹೊಸ ಊರಿನ ಬಾವಿ, ಮನೆ, ಗುಡಿ, ಉಳುಮೆಗೆ ಹದವಾದ ನೆಲ, ಇವು ಕಟ್ಟೆಯ ಪಾಯ ಬೀಳುವಾಗಲೇ ಸಿದ್ಧವಾಗಬೇಕಾದ ಕೆಲಸಗಳಾಗಿದ್ದವು.

ನಾಲೆಯದೂ ಇಂಥದೇ ಕಥೆ. 1930ರ ದಶಕದಲ್ಲಿ ನೀರು ಹರಿದ ಹಿಂದೆಯೇ ಮಂಡ್ಯದ ಹಳ್ಳಿಗಳಲ್ಲಿ ಮಲೇರಿಯಾ ಹಬ್ಬಿತು. ನಾಲೆಯಿಂದ ಜಿನುಗಿದ ನೀರು, ಗದ್ದೆಯಿಂದ ಹೆಚ್ಚಾಗಿ ಹರಿದ ನೀರು ತಗ್ಗಿನಲ್ಲಿ ನಿಂತಿತು. ನಿಂತ ನೀರಿನಲ್ಲಿ ಸೊಳ್ಳೆ ಹೆಚ್ಚಿತು. ಮಳೆಯನ್ನೇ ನಂಬಿ ರಾಗಿ ಬೆಳೆಯುತ್ತಿದ್ದ ಊರುಗಳು ನೀರು ಬಂದ ಸಂತೋಷವನ್ನು ಚಳಿಜ್ವರದೊಂದಿಗೆ ಅನುಭವಿಸಿದವು. ರೋಗ ಹಿಡಿತಕ್ಕೆ ಬಂದ ಮೇಲೂ ಅಚ್ಚುಕಟ್ಟಿನ ತಗ್ಗುಗಳಲ್ಲಿ ನೀರು ನಿಂತು ಜವುಗಾಗುವ, ಉಪ್ಪೇಳುವ ತೊಂದರೆ ಉಳಿಯಿತು. ಹೆಚ್ಚಾದ ನೀರನ್ನು ಮತ್ತೆ ಹೊಳೆಗೆ ಸಾಗಿಸಲು ಬೇಕಾದದ್ದು ಬಸಿಗಾಲುವೆ. ಜಮೀನುಗಳು ಖಾಲಿ ಇದ್ದಾಗ ಅದನ್ನು ತೋಡುವುದು ಸುಲಭ. ಕಬ್ಬು, ಭತ್ತ ಎದ್ದು ನಿಂತು, ಒಂದೊಂದು ಗುಂಟೆಗೂ ಬೆಲೆ ಬಂದ ಮೇಲೆ ಅದಕ್ಕೆ ಜಾಗ ಬಿಡುವವರು ಯಾರು? ನಾಲೆಯ ನಕ್ಷೆ ಬರೆದ ದಿನವೇ ಬಸಿಗಾಲುವೆಯ ನಕ್ಷೆಯನ್ನೂ ಬರೆದು, ತೂಬು ಎತ್ತುವ ಮೊದಲೇ ಅದನ್ನು ತೋಡಿ ಮುಗಿಸಬೇಕಿತ್ತು.